ಸಪ್ಪಳದ ಸೀಮೆಯಿಂದ ಸೈಲೆನ್ಸರ್ ಸಾಹೇಬರಿಗೆ

ಗೆ,
ಶ್ರೀಮಾನ್ ಏರ್‌ಗನ್ ಸೈಲೆನ್ಸರ್ ಸಾಹೇಬರು,
ಬಿಡಾರ: ಕೊರಿಯರ್ ಡಬ್ಬಿ, ಗುಳ್ಳೆ ಪ್ಲಾಸ್ಟಿಕ್ಕಿನ ನಡುವೆ.

ವಿಷಯ: ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳಿಗೆ ತಾವು ದಯಮಾಡಿಸುತ್ತಿರುವ ಬಗ್ಗೆ.
ಉಲ್ಲೇಖ: ಆಯುಧ ಅಧಿನಿಯಮ, 1959, ಆಯುಧ ನಿಯಮಗಳು, 2016.

ಮಾನ್ಯರೇ,

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಮ್ಮ ಕೊನೆಭಾಗದ ಹೊಲಗಳಿಗೆ ಮುಟ್ಟಬೇಕಾದರೆ ರೈತರು ರಸ್ತೆಗೆ ಅಡ್ಡ ಕೂಡಬೇಕಾಗುತ್ತದೆ. ತಾವು ಮಾತ್ರ ಯಾವ ಧರಣಿಯೂ ಇಲ್ಲದೆ, ಬೆರಳಲ್ಲಿ ಒಮ್ಮೆ ಒತ್ತಿದ ಮಾತ್ರಕ್ಕೆ ಮನೆ ಬಾಗಿಲಿಗೇ ಬಂದು ನಿಲ್ಲುತ್ತೀರಿ. ಈ ಭಾಗದ ಜನರ ಮೇಲೆ ಇಷ್ಟು ಕಾಳಜಿ ತೋರಿಸಿದವರು ಕಡಿಮೆ. ಆದ್ದರಿಂದ ಕೃತಜ್ಞತೆ ಸಲ್ಲಿಸಲು ಈ ಪತ್ರ. ನಡುನಡುವೆ ಒಂದೆರಡು ಅಹವಾಲು ನುಸುಳಿದರೆ ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು.

ಮೊದಲಿಗೆ ತಮ್ಮ ಪದವಿಗೆ ಅಭಿನಂದನೆ. ನೋಡಲು ತಾವೊಂದು ಗೇಣುದ್ದದ ಕೊಳವೆ. ಒಳಗೆ ಒಂದಿಷ್ಟು ತೂತಿನ ಬಿಲ್ಲೆ, ಒಂದಿಷ್ಟು ಸ್ಪಂಜು, ಒಂದು ತುದಿಗೆ ತಿರುವಿ ಕೂಡಿಸಲು ಥ್ರೆಡ್ಡು. ಮೇಜಿನ ಮೇಲಿಟ್ಟರೆ ಯಾರೂ ಹೆದರುವುದಿಲ್ಲ. ಆದರೆ ದೇಶದ ಕಾಯಿದೆ ತಮ್ಮನ್ನು ಗುರುತಿಸಿರುವ ರೀತಿಯೇ ಬೇರೆ. 1959ರ ಆಯುಧ ಅಧಿನಿಯಮದ ಎರಡನೇ ಕಲಮಿನಲ್ಲಿ ‘ಫೈರ್‌ಆರ್ಮ್’ ಅಂದರೆ ಏನು ಎಂಬ ವಿವರಣೆಯಿದೆ. ಸಿಡಿಮದ್ದಿನಿಂದಾಗಲಿ, ಬೇರೆ ಯಾವುದೇ ಬಗೆಯ ಶಕ್ತಿಯಿಂದಾಗಲಿ ಗುಂಡು ಹಾರಿಸುವ ಆಯುಧವೆಲ್ಲ ಅದರೊಳಗೆ ಬರುತ್ತದೆ. ಗಾಳಿಯ ಒತ್ತಡವೂ ಒಂದು ಶಕ್ತಿಯೇ ಆದ್ದರಿಂದ ಏರ್‌ಗನ್ ಕೂಡ ಒಳಗೆ ಬಂತು. ಕಾಯಿದೆ ಅಲ್ಲಿಗೇ ನಿಲ್ಲಲಿಲ್ಲ. ಇಂಥ ಆಯುಧ ಹಾರಿದಾಗ ಏಳುವ ಸದ್ದನ್ನೋ ಬೆಳಕನ್ನೋ ತಗ್ಗಿಸಲು ಮಾಡಿದ ಬಿಡಿ ಸಾಧನವೂ ಫೈರ್‌ಆರ್ಮೇ ಎಂದು ಬರೆದಿದೆ. ಗುಂಡು ತುಂಬಲು ಜಾಗವಿಲ್ಲ, ಒತ್ತಲು ಕುದುರೆಯಿಲ್ಲ, ಆದರೂ ತಾವು ಹುಟ್ಟಾ ಬಂದೂಕು. ನಮ್ಮ ಹುಡುಗರು ವರ್ಷಗಟ್ಟಲೆ ಓದಿ ಪರೀಕ್ಷೆ ಬರೆದರೂ ಸಿಗದ ಬಡ್ತಿ ತಮಗೆ ಒಂದೇ ಉಪವಾಕ್ಯದಲ್ಲಿ ಸಿಕ್ಕಿದೆ.

ತಮ್ಮ ಯಜಮಾನನಾದ ಏರ್‌ಗನ್ನಿಗೂ ಲೈಸೆನ್ಸ್ ಬೇಕೆನ್ನುವ ಭಾಗ್ಯವಿಲ್ಲ ಸಾಹೇಬರೇ. 2016ರ ನಿಯಮಗಳ ಪ್ರಕಾರ 0.177 ಇಂಚಿನ, ಅಂದರೆ 4.5 ಮಿಲಿಮೀಟರಿನ ನಳಿಗೆ, 20 ಜೌಲ್ ಮೀರದ ಹೊಡೆತ, ಇಷ್ಟರೊಳಗಿದ್ದರೆ ಕೊಳ್ಳುವವನಿಗೆ ಲೈಸೆನ್ಸ್ ಬೇಡ. ಆ ರಿಯಾಯಿತಿ ಬಂದೂಕಿನದು. ಅದರ ತುದಿಗೆ ತಿರುವಿ ಕೂಡಿಸುವ ತಮ್ಮ ಹೆಸರು ಅಲ್ಲಿಲ್ಲ. ಹಿಂದಿನ 1962ರ ನಿಯಮಗಳ ಅನುಸೂಚಿಯಂತೂ ಸದ್ದಡಗಿಸುವ ಸಾಧನಗಳನ್ನು ಒಂದನೇ ವರ್ಗದಲ್ಲಿ, ನಿಷೇಧಿತ ಆಯುಧಗಳ ಪಂಕ್ತಿಯಲ್ಲೇ ಕೂಡಿಸಿತ್ತು. ತಲೆಗೆ ಲೈಸೆನ್ಸ್ ಬೇಡ, ಟೋಪಿಗೆ ಬೇಕು ಅನ್ನುವಂಥ ಸ್ಥಿತಿ ಇದು. ಇಷ್ಟು ದೊಡ್ಡ ಗೌರವವನ್ನು ತಾವು ಡಬ್ಬಿಯ ಮೇಲೆ ಎಲ್ಲಿಯೂ ಅಚ್ಚು ಹಾಕಿಸಿಕೊಳ್ಳದೆ ಬರುವುದು ನಿಜವಾದ ವಿನಯ.

ಆ ವಿನಯದಿಂದ ನಮ್ಮ ಹುಡುಗರಿಗೆ ಆಗುವ ಅನುಕೂಲವನ್ನೂ ನಿವೇದಿಸಿಕೊಳ್ಳುತ್ತೇನೆ. ಲೈಸೆನ್ಸ್ ಇಲ್ಲದೆ ಫೈರ್‌ಆರ್ಮ್ ಇಟ್ಟುಕೊಳ್ಳಬಾರದು ಎನ್ನುವುದು ಆಯುಧ ಅಧಿನಿಯಮದ ಮೂರನೇ ಕಲಂ. ಮೀರಿದರೆ 25ನೇ ಕಲಂ. 2019ರ ತಿದ್ದುಪಡಿಯ ನಂತರ ಅದರ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಮೊದಲು ಇದು 1ರಿಂದ 3 ವರ್ಷ ಇತ್ತು. ಮೊಬೈಲಿನಲ್ಲಿ ‘ಅಲಂಕಾರದ ವಸ್ತು’ ಎಂದು ಓದಿ, ಒಂದು ಜೊತೆ ಚಪ್ಪಲಿಯ ಸಂಗಡ ತಮ್ಮನ್ನೂ ಬುಟ್ಟಿಗೆ ಹಾಕಿಕೊಂಡ ಡಿಗ್ರಿ ಓದುವ ಹುಡುಗನಿಗೆ ಇದು ಗೊತ್ತಾಗುವುದು ಠಾಣೆಯ ಬೆಂಚಿನ ಮೇಲೆ. ಚಪ್ಪಲಿಗೆ ಏಳು ದಿನದಲ್ಲಿ ಮರಳಿಸುವ ಸೌಲಭ್ಯವಿರುತ್ತದೆ. ತಮಗೆ ಮಹಜರು ಇರುತ್ತದೆ.

ತಮ್ಮ ಕೃಪೆ ಬರೀ ಕೊಂಡವನಿಗೆ ಸೀಮಿತವಾಗಿಲ್ಲ. ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ, ಭತ್ತ ಕೊಯ್ಯುವ ಯಂತ್ರದ ರಿಪೇರಿ, ಅದಕ್ಕೆ ಬೇಕಾದ ಲೇತ್ ಕೆಲಸ ಎಲ್ಲಕ್ಕೂ ಕೊರತೆಯಿಲ್ಲ. ಲೇತ್ ಮುಂದೆ ನಿಂತವನಿಗೆ ತಮ್ಮಂಥ ಕೊಳವೆ ಕೊರೆಯುವುದು ಚಹಾ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ. ಪರಿಚಯದ ಹುಡುಗ ಮೊಬೈಲಿನಲ್ಲಿ ಚಿತ್ರ ತೋರಿಸಿ, ‘ಹಿಂಗ ಒಂದು ಮಾಡಿಕೊಡು ಕಾಕಾ’ ಅಂದರೆ, ಪೈಪಿಗೆ ಥ್ರೆಡ್ ಹಾಕಿಕೊಡುವುದರಲ್ಲಿ ಏನು ತಪ್ಪು ಎಂದು ಆತ ತಿಳಿಯುತ್ತಾನೆ. ಆದರೆ ಲೈಸೆನ್ಸ್ ಇಲ್ಲದೆ ಫೈರ್‌ಆರ್ಮ್ ತಯಾರಿಸುವುದು ಐದನೇ ಕಲಮಿನ ಉಲ್ಲಂಘನೆ. ಅದಕ್ಕೆ ಈಗಿನ ಶಿಕ್ಷೆ ಕನಿಷ್ಠ 7 ವರ್ಷ, ಮೇಲೆ ಜೀವಾವಧಿಯವರೆಗೆ. ಇಟ್ಟುಕೊಂಡವನಿಗಿಂತ ಮಾಡಿಕೊಟ್ಟವನಿಗೆ ಹೆಚ್ಚು. ಮಜೂರಿ ಎಷ್ಟು ತಗೊಂಡ ಎಂದು ಕಾಯಿದೆ ಕೇಳುವುದಿಲ್ಲ. ದುಡಿಯುವ ಕೈಗಳಿಗೆ ತಾವು ತೋರಿಸುವ ಈ ಮನ್ನಣೆಯನ್ನು ನಾವು ಎಂದಿಗೂ ಮರೆಯಲಾರೆವು.

ಅದೇ ಕಾಯಿದೆ ನಮ್ಮ ರೈತನ ಕೈಯ ಬಡಿಗೆಯ ಬಗ್ಗೆ ಏನು ಹೇಳುತ್ತದೆ ಎಂಬುದನ್ನೂ ತಮ್ಮ ಅವಗಾಹನೆಗೆ ತರುತ್ತೇನೆ. ಮನೆಬಳಕೆಗೆ, ಒಕ್ಕಲುತನಕ್ಕೆ ಎಂದೇ ಇರುವ ಲಾಠಿ, ಊರುಗೋಲು ಇತ್ಯಾದಿ ಆಯುಧಗಳಲ್ಲ ಎಂದು ಎರಡನೇ ಕಲಂ ಬಿಡಿಸಿ ಹೇಳಿದೆ. ಪೈಲ್ವಾನನೊಬ್ಬನ ಕೈಯಲ್ಲಿ ಬಡಿಗೆ ಏನು ಮಾಡಬಲ್ಲದು ಎಂದು ಊರಿಗೆಲ್ಲ ಗೊತ್ತು. ಆದರೂ ಬಡಿಗೆ ಸಾಮಾನ್ಯ ಪ್ರಜೆ. ಟೊಳ್ಳು ಕೊಳವೆಯಾದ ತಾವು ಆಯುಧ. ವಿನಮ್ರತೆಯಿಂದ ಕೇಳುತ್ತೇನೆ: ತಮ್ಮ ವಂಶದವರು ಅಂಥದ್ದೇನು ಮಾಡಿದ್ದರು?

ವಂಶದ ಮಾತು ಬಂತು. ಅದೂ ಸಣ್ಣದಲ್ಲ. 1909ರಲ್ಲಿ ತಮಗೆ ಪೇಟೆಂಟ್ ಪಡೆದು ಮಾರುಕಟ್ಟೆಗೆ ತಂದವರು ಅಮೆರಿಕದ ಹೈರಂ ಪರ್ಸಿ ಮ್ಯಾಕ್ಸಿಮ್. ಅವರ ತಂದೆ ಹೈರಂ ಸ್ಟೀವನ್ಸ್ ಮ್ಯಾಕ್ಸಿಮ್, ಜಗತ್ತಿಗೆ ಮಷಿನ್‌ಗನ್ ಕೊಟ್ಟವರು. ಸದ್ದು ಕೇಳಿ ಕೇಳಿ ಅಪ್ಪನ ಕಿವಿ ಹೋಯಿತು. ಸದ್ದು ತಗ್ಗಿಸುವ ಉಪಾಯ ಮಗ ಕಂಡುಹಿಡಿದ. ಅದೇ ತತ್ವದ ಮೇಲೆ ಇಂಜಿನ್ನಿಗೂ ಸೈಲೆನ್ಸರ್ ಮಾಡಿದ. ತಮ್ಮ ಬಂಧುಗಳು ನಾರ್ವೆಯಲ್ಲಿ ಬೇಟೆಗಾರರ ಕಿವಿ ಕಾಯುವ ಸಭ್ಯ ಸಲಕರಣೆಯಾಗಿ ಅಂಗಡಿಯಲ್ಲಿ ರಾಜಾರೋಷ ಮಾರಾಟವಾಗುತ್ತಾರೆ. ಇಂಗ್ಲೆಂಡಿನಲ್ಲೂ ಏರ್‌ಗನ್ನಿನ ಸೈಲೆನ್ಸರಿಗೆ ಅಷ್ಟೇನೂ ತಕರಾರಿಲ್ಲ, ಹಿತ್ತಲಲ್ಲಿ ಗುರಿ ಕಲಿಯುವವನು ನೆರೆಯವರ ನಿದ್ದೆ ಕೆಡಿಸದಿರಲಿ ಎಂಬ ಲೆಕ್ಕ. ಅಲ್ಲಿಯ ಮರ್ಯಾದೆ ನೋಡಿ ಇಲ್ಲಿಯೂ ಅದೇ ಸಿಗುತ್ತದೆ ಎಂದುಕೊಂಡು ತಾವು ಹೊರಟಿರಬಹುದು. ಊರು ತಪ್ಪಿದೆ ಸಾಹೇಬರೇ.

ಇನ್ನು ತಾವು ಮಾಡುವ ಕೆಲಸ. ಗುಂಡಿನ ಹಿಂದೆಯೇ ನುಗ್ಗುವ ಒತ್ತಡದ ಗಾಳಿ ನಳಿಗೆಯಿಂದ ಥಟ್ಟನೆ ಹೊರಬಿದ್ದಾಗ ಸದ್ದಾಗುತ್ತದೆ. ತಾವು ಆ ಗಾಳಿಯನ್ನು ಬಿಲ್ಲೆಯಿಂದ ಬಿಲ್ಲೆಗೆ ಸುತ್ತಾಡಿಸಿ, ದಣಿಸಿ, ಮೆಲ್ಲಗೆ ಹೊರಗೆ ಕಳಿಸುತ್ತೀರಿ. ಸಿಲಿಂಡರಿನಲ್ಲಿ ಗಾಳಿ ತುಂಬಿಟ್ಟುಕೊಂಡು ಹಾರಿಸುವ ದುಬಾರಿ ಬಂದೂಕಿನ ಮಟ್ಟಿಗೆ ಇದು ಒಪ್ಪತಕ್ಕ ಮಾತು. ಆದರೆ ನಮ್ಮ ಕಡೆ ಹೆಚ್ಚಾಗಿ ಇರುವುದು ನಳಿಗೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ಹಳೆಯ ಮಾದರಿ. ಅದರ ಸದ್ದಿನ ದೊಡ್ಡ ಪಾಲು ಒಳಗಿನ ಸ್ಪ್ರಿಂಗು ಮತ್ತು ಪಿಸ್ಟನ್ನಿನದು. ಹಾರಿಸುವವನ ಗಲ್ಲದ ಪಕ್ಕದಲ್ಲೇ ಏಳುವ ಆ ಸಪ್ಪಳವನ್ನು ನಳಿಗೆಯ ತುದಿಯಲ್ಲಿ ಕೂತ ತಾವು ಹೇಗೆ ಅಡಗಿಸುತ್ತೀರಿ? ಅರ್ಧ ಗ್ರಾಮಿನ ಸೀಸದ ಪೆಲೆಟ್ ಅನ್ನು 20 ಜೌಲಿನ ಮಿತಿಯೊಳಗೆ ಹಾರಿಸಿದರೆ ಅದರ ವೇಗ ಸೆಕೆಂಡಿಗೆ ಸುಮಾರು 280 ಮೀಟರ್. ಶಬ್ದದ ವೇಗ ಸುಮಾರು 340. ಹಾಗಾಗಿ ಶಬ್ದವನ್ನು ಮೀರಿ ಹಾರುವ ಗುಂಡಿನ ಆ ಚಟಾರ್ ಸದ್ದು ಇಲ್ಲಿ ಮೊದಲೇ ಇಲ್ಲ. ಇದ್ದ ಸದ್ದಿನ ದೊಡ್ಡ ಪಾಲು ತಮ್ಮ ಕೈಗೆ ಸಿಗುವುದಿಲ್ಲ, ದೊಡ್ಡ ಸದ್ದು ಹುಟ್ಟುವುದೇ ಇಲ್ಲ. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ಹೆಚ್ಚು ಶಿಕ್ಷೆ ಕೊಡಿಸುವ ಸಾಮರ್ಥ್ಯ ಮತ್ಯಾವ ಸಾಮಾನಿಗೂ ಇರಲಾರದು.

ಬೆಳೆ ಕಾಯಲು ತಾವು ಬಂದಿದ್ದೀರಿ ಎಂದು ಕೆಲವರು ತಮ್ಮ ಪರವಾಗಿ ವಾದಿಸುತ್ತಾರೆ. ತಮ್ಮ ಮೇಲಿನ ಭಕ್ತಿಯಿಂದ ನಾನೂ ಅದನ್ನು ನಂಬಲು ಪ್ರಯತ್ನಿಸಿದೆ. ಬಿಳಿಜೋಳ ಹಾಲುಗಾಳಿಗೆ ಬಂದಾಗ, ಸೂರ್ಯಪಾನದ ತೆನೆ ತುಂಬಿದಾಗ, ನೆಲ್ಲು ಹಣ್ಣಾದಾಗ ಹಕ್ಕಿಗಳ ಹಿಂಡು ಇಳಿಯುತ್ತದೆ. ನಮ್ಮ ಹಿರಿಯರು ಅಟ್ಟದ ಮೇಲೆ ನಿಂತು ಕವಣಿ ಬೀಸಿದರು, ಡಬ್ಬಿ ಬಾರಿಸಿದರು, ಹೋ ಎಂದು ಕೂಗಿದರು. ಎಲ್ಲದರ ಗುಟ್ಟು ಸಪ್ಪಳ. ಏರ್‌ಗನ್ ತಂದವರೂ ಬಹಳಷ್ಟು ಮಂದಿ ಅದೇ ಕಾರಣಕ್ಕೆ ತಂದರು. ತಮ್ಮ ವಿಚಾರವನ್ನು ನಮ್ಮ ಕಡೆಯ ಯಾವ ಮುದುಕನ ಮುಂದಿಟ್ಟರೂ ಉತ್ತರ ಇಷ್ಟೇ: ‘ಸಪ್ಪಳ ಇಲ್ಲದ ಬಂದೂಕು ತಗೊಂಡು ಏನ್ ಮಾಡ್ಲೋ ತಮ್ಮಾ, ಹಕ್ಕಿಗೆ ಗೊತ್ತಾಗೋದು ಹ್ಯಾಂಗ?’ ಸದ್ದು ಮಾಡುವ ಬಂದೂಕು ಹಕ್ಕಿಯನ್ನು ಓಡಿಸುತ್ತದೆ. ಸದ್ದಿಲ್ಲದ ಬಂದೂಕು ಒಂದನ್ನು ಕೆಡವಿ, ಪಕ್ಕದ್ದನ್ನು ಅಲ್ಲೇ ಕೂಡಿಸಿಕೊಳ್ಳುತ್ತದೆ. ಅಲ್ಲಿಗೆ ತಮ್ಮ ಹೊಲದ ಕೆಲಸ ಏನೆಂಬುದು ಸ್ಪಷ್ಟವಾಯಿತು. ಹೊಲ ಕಾಯುವವನಿಗೆ ತಾವು ಬೇಡ. ಕದ್ದು ಕೊಲ್ಲುವವನಿಗೆ ಬೇಕು.

ಹಾಗೆ ಕೊಲ್ಲುವವನನ್ನೂ ತಾವು ಬರಿಗೈಯಲ್ಲಿ ಕಳಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನೂ ಜೊತೆಗೆ ದಯಪಾಲಿಸುತ್ತೀರಿ. ನಮ್ಮ ಹೊಲಗಳಿಗೆ ಬರುವ ನವಿಲು ಅದರ ಒಂದನೇ ಅನುಸೂಚಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು, ದಂಡ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಆಯುಧ ಕಾಯಿದೆಯ ಮೊಕದ್ದಮೆ ಅದರ ಪಕ್ಕದಲ್ಲಿ ಬೇರೆಯಾಗಿ ನಡೆಯುತ್ತದೆ. ಒಂದು ಕೊಳವೆಗೆ ಎರಡು ಇಲಾಖೆಯ ಸೇವೆ.

ತಮ್ಮ ಪಾದಸ್ಪರ್ಶವಾದ ಮಸ್ಕಿಯ ಬಗ್ಗೆಯೂ ಒಂದು ಮಾತು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅಲ್ಲಿಯ ಬಂಡೆಯ ಶಾಸನ ಬಿತ್ತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದಿದ್ದವನು ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ. ಅದೇ ಅಶೋಕ ಬೇರೆಡೆ ನಿಲ್ಲಿಸಿದ ಐದನೇ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿಯಿದೆ. ಅದರ ಮೊದಲ ಹೆಸರು ಗಿಳಿ, ಎರಡನೆಯದು ಮೈನಾ. ನಮ್ಮ ಸೂರ್ಯಪಾನ ತಿನ್ನುವ ಗಿಳಿಗೆ ಎರಡು ಸಾವಿರ ವರ್ಷಕ್ಕೂ ಹಿಂದಿನ ರಾಜಾಜ್ಞೆಯ ರಕ್ಷಣೆ ಇದೆ. ತಮ್ಮ ಬಳಿ ಒಂದು ಸರಿಯಾದ ರಸೀದಿಯೂ ಇರುವುದಿಲ್ಲ.

ಸದ್ದಡಗಿಸಲೇಬೇಕು ಎಂಬ ಹಂಬಲ ತಮಗಿದ್ದರೆ ಇಲ್ಲಿ ಕೆಲಸಕ್ಕೆ ಬರವಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ, ಕೃಷಿ ಟ್ರ್ಯಾಕ್ಟರಿಗೂ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. ನಮ್ಮ ಹುಡುಗರು ಬುಲೆಟ್ ಬೈಕಿಗೆ ಕಂಪನಿ ಕೊಟ್ಟ ಸೈಲೆನ್ಸರನ್ನು ಬಿಚ್ಚಿ ಎಸೆದು, ಪಟಾಕಿ ಸಿಡಿಸುವ ಪೈಪು ಹಾಕಿಸಿಕೊಳ್ಳುತ್ತಾರೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಪೈಪುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದಾರೆ. ಮಿತಿ ಮೀರಿದ ಶಬ್ದಕ್ಕೆ ಮೋಟಾರು ವಾಹನ ಕಾಯಿದೆಯಲ್ಲಿ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 10 ಸಾವಿರ ರೂಪಾಯಿವರೆಗೆ ದಂಡ. ಅಂದರೆ, ಸೈಲೆನ್ಸರ್ ಕಡ್ಡಾಯವಿರುವಲ್ಲಿ ಅದನ್ನು ಕೀಳುವ ಕೈಯೇ, ಅದು ಇರಬಾರದ ಕಡೆ ಜೋಡಿಸುತ್ತದೆ. ಎರಡೂ ಕಡೆ ತಪ್ಪು ಮಾಡುವ ಈ ಅಪರೂಪದ ಸಮತೋಲನ ನಮ್ಮ ಹುಡುಗರಿಗೆ ಸಾಧ್ಯವಾದದ್ದು ತಮ್ಮ ಆಗಮನದ ನಂತರ. ಗಣಪತಿ ಮೆರವಣಿಗೆಯ ಡಿ.ಜೆ. ಪೆಟ್ಟಿಗೆಗಳ ಮುಂದೆ ತಾವು ಒಮ್ಮೆ ತಮ್ಮ ಪ್ರತಾಪ ತೋರಿಸಿದ್ದರೆ ಊರಿನ ಮುದುಕರು ತಮಗೆ ಗುಡಿ ಕಟ್ಟಿಸುತ್ತಿದ್ದರು.

ಅಸಲಿಗೆ ತಾವು ಬಂದಿರುವುದೇ ಸಪ್ಪಳದ ಸೀಮೆಗೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಡಿ ಸಿಡಿಮದ್ದು ಇಡದೆ ಚಿನ್ನ ಮೇಲೆ ಬರುವುದಿಲ್ಲ. ಮುದಗಲ್ಲಿನ ಮೊಹರಂ ಹಲಿಗೆಯಿಲ್ಲದೆ ನಡೆಯುವುದಿಲ್ಲ. ಸಿಂಧನೂರು ತಾಲೂಕಿನ ಅಂಬಾಮಠದ ಜಾತ್ರೆಗೆ ಬನ್ನಿ, ಬಲೂನಿಗೆ ಗುರಿ ಇಡುವ ಅಂಗಡಿ ತೋರಿಸುತ್ತೇನೆ. ನಮ್ಮ ಭಾಗದಲ್ಲಿ ಏರ್‌ಗನ್ನನ್ನು ಹೆಚ್ಚು ಜನ ಕೈಯಲ್ಲಿ ಹಿಡಿದಿರುವುದು ಅಲ್ಲೇ. ‘ಠಪ್’ ಎಂದರೆ ಬಂದೂಕು, ‘ಫಟ್’ ಎಂದರೆ ಬಲೂನು. ಆ ಎರಡು ಸದ್ದಿಗಾಗಿಯೇ ಮಕ್ಕಳು ಅಪ್ಪನ ಅಂಗಿ ಜಗ್ಗುತ್ತಾರೆ. ಅಲ್ಲಿ ತಮ್ಮನ್ನು ಜೋಡಿಸಿದರೆ ಆ ಬಡಪಾಯಿಯ ವ್ಯಾಪಾರ ಸಂಜೆಯೊಳಗೆ ಮುಗಿಯುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ 10 ಮೀಟರ್ ಏರ್ ರೈಫಲ್ಲಿನಲ್ಲಿ, ಇದೇ 4.5 ಮಿಲಿಮೀಟರಿನ ಗುಂಡಿನಿಂದ. ಗುರಿ ಕಲಿಯುವವನಿಗೂ ತಮ್ಮ ಅಗತ್ಯವಿಲ್ಲ.

ಬಂದೂಕಿಗೆ ರಿಯಾಯಿತಿ ಕೊಟ್ಟಿರುವ ಕಡೆಯಲ್ಲೂ ಸರ್ಕಾರ ಒಲಿದಿರುವುದು ಸದ್ದಿಗೇ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆ ಕೋವಿಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಸಲ್ಲುತ್ತದೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಅದು ಹಾರುತ್ತದೆ, ಮನೆಯ ಹುಟ್ಟು ಸಾವುಗಳನ್ನು ಊರಿಗೆ ತಿಳಿಸುತ್ತದೆ. ತಾನು ಇದ್ದೇನೆ ಎಂದು ಕೂಗಿ ಹೇಳುವ ಬಂದೂಕು ಅದು. ತಮ್ಮ ಇಡೀ ಬದುಕು ಅದಕ್ಕೆ ವಿರುದ್ಧ.

ತಮ್ಮ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅಪಚಾರವಾದೀತು. ಆಯುಧ ಅಧಿನಿಯಮದ ಮೂರನೇ ಕಲಮಿನ ಅಪರಾಧಕ್ಕೆ ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎಂದು 39ನೇ ಕಲಂ ಹೇಳುತ್ತದೆ. ಆದ್ದರಿಂದ ತಮ್ಮ ಕಡತ ಜಿಲ್ಲಾ ಕೇಂದ್ರವಾದ ರಾಯಚೂರಿಗೆ ಹೋಗಿ ಬರಬೇಕು. ಮುಂದೆ ಹುಡುಗನ ವಕೀಲರು, ಏರ್‌ಗನ್ನಿಗೇ ಲೈಸೆನ್ಸ್ ಬೇಡವೆಂದಮೇಲೆ ಅದರ ಬಿಡಿ ಸಾಮಾನಿಗೆ ಯಾಕೆ ಎಂದು ವಾದಿಸಬಹುದು. ಸರ್ಕಾರಿ ವಕೀಲರು, ಲೈಸೆನ್ಸಿನಿಂದ ವಿನಾಯಿತಿ ಸಿಕ್ಕ ಮಾತ್ರಕ್ಕೆ ಅದು ಫೈರ್‌ಆರ್ಮ್ ಆಗದೆ ಹೋಗುವುದಿಲ್ಲ, ವಿನಾಯಿತಿಯಲ್ಲಿ ಹೆಸರಿಲ್ಲದ್ದು ವಿನಾಯಿತಿಯೊಳಗೆ ಬರುವುದಿಲ್ಲ ಎನ್ನಬಹುದು. ಈ ಸ್ವಾರಸ್ಯಕರ ಚರ್ಚೆ ಹುಡುಗ ಡಬ್ಬಿ ಬಿಚ್ಚುವ ಮೊದಲು ನಡೆಯುವುದಿಲ್ಲ. ಅವನ ಪಾಸ್‌ಪೋರ್ಟು, ಅವನ ಪೊಲೀಸ್ ಪೇದೆ ಹುದ್ದೆಯ ಅರ್ಜಿ, ಅವನ ಅಪ್ಪನ ಒಂದು ಎಕರೆ ಎಲ್ಲವೂ ಪಣಕ್ಕೆ ಬಿದ್ದ ಮೇಲೆ ನಡೆಯುತ್ತದೆ.

ಆದಕಾರಣ ಕೈಮುಗಿದು ಕೆಲವು ಬಿನ್ನಹ. ತಮ್ಮನ್ನು ಮಾರುವ ಮಹನೀಯರು ‘ಅಲಂಕಾರದ ವಸ್ತು’ ಎಂಬ ಮಾತನ್ನು ಅಳಿಸಿ, ‘ಕಾಯಿದೆಯ ಪ್ರಕಾರ ಇದು ಫೈರ್‌ಆರ್ಮ್’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಲಿ. ಹಾಗೆ ಅಚ್ಚು ಹಾಕಲು ಧೈರ್ಯವಿಲ್ಲದಿದ್ದರೆ ಮಾರದಿರಲಿ. ಗೃಹ ಸಚಿವಾಲಯ ಏರ್‌ಗನ್ನಿನ ವಿನಾಯಿತಿಯ ಪಕ್ಕದಲ್ಲಿ, ಇದು ಸೈಲೆನ್ಸರಿಗೆ ಅನ್ವಯಿಸುತ್ತದೋ ಇಲ್ಲವೋ ಎಂದು ಒಂದೇ ವಾಕ್ಯದಲ್ಲಿ ಬಿಡಿಸಿ ಬರೆಯಲಿ. ಲೇತ್ ಅಂಗಡಿಯ ಕಾಕಾ ಮೊಬೈಲಿನ ಚಿತ್ರ ನೋಡಿ ಕೆಲಸ ಒಪ್ಪಿಕೊಳ್ಳುವ ಮೊದಲು ಇದು ಯಾತಕ್ಕೆ ಎಂದು ಕೇಳಲಿ.

ಕೊನೆಯ ಬಿನ್ನಹ ತಮ್ಮಲ್ಲಲ್ಲ, ಇದನ್ನು ಓದುತ್ತಿರುವ ನಮ್ಮ ಹುಡುಗರಲ್ಲಿ. ತಮ್ಮಾ, ಏರ್‌ಗನ್ ಇಟ್ಟುಕೋ, ಮಿತಿಯೊಳಗಿರಲಿ, ರಸೀದಿ ಜೋಪಾನ ಮಾಡು, ತಗಡಿನ ಡಬ್ಬಿಗೆ ಗುರಿಯಿಟ್ಟು ಕಲಿ. ಆ ಕೊಳವೆಯನ್ನು ಮಾತ್ರ ತರಿಸಬೇಡ, ಮಾಡಿಸಬೇಡ. ಈಗಾಗಲೇ ಮನೆಯಲ್ಲಿದ್ದರೆ ಗೆಳೆಯರಿಗೆ ತೋರಿಸುತ್ತ ತಿರುಗಬೇಡ, ಬೇರೆಯವರಿಗೆ ಮಾರಲೂ ಹೋಗಬೇಡ. ಇವತ್ತೇ ಒಬ್ಬ ವಕೀಲರನ್ನು ಕಂಡು ಮಾತಾಡು. ಹಕ್ಕಿ ಓಡಿಸಲು ಡಬ್ಬಿ ಬಾರಿಸು, ಅದಕ್ಕೆ ಯಾವ ಲೈಸೆನ್ಸೂ ಬೇಕಿಲ್ಲ.

ಇಂತಿ ತಮ್ಮ ವಿಧೇಯ,
ಸಿಂಧನೂರು ಸೀಮೆಯ ಒಬ್ಬ ಒಕ್ಕಲಿಗ